ಕಿರುಚದ ಇಲಿಗಳು

ನಿನ್ನ ಪ್ರಯೋಗಾಲಯದ ಇಲಿಮನೆಯ ಮೇಜಿನಿಂದ,
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಭಾಷಣದ ಭರಾಟೆಯಲ್ಲಿ ಬಿಸಿನೀರು ಕುಡಿಯುವುದನ್ನು ಮರೆಯಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಮೈಯೆಲ್ಲ ಉರಿಯುತ್ತಿದೆ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಅಕ್ಕಾ, ಮೀಟಿಂಗ್‌ನಲ್ಲಿದ್ದೀನಿ" ಎಂದು ಇಟ್ಟುಬಿಟ್ಟೆ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಪತ್ರ ಬಂತು. ನಿನ್ನ ಮದ್ದು ಚುಚ್ಚಿಸಿಕೊಳ್ಳಲು ನಿನ್ನ ಭಾವ ಮುಂದಿನ ಸೋಮವಾರ ದಾಖಲಾಗಬೇಕಂತೆ. ಬಾಯ್ಲರ್ ಸಿಡಿದ ಮೇಲೆ ಎರಡು ವರ್ಷದಿಂದ ಅವರು ಕಾರ್ಖಾನೆಯ ಗೇಟು ದಾಟಿಲ್ಲ. ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾರೆ. ಮಿದುಳಿನ ಕಾಂಡದೊಳಗೆ ಸಾಸಿವೆಯಷ್ಟೂ ಇಲ್ಲದ ನೀಲಿ ಚುಕ್ಕೆಯೊಂದಿದೆ, ನೋವಾದ ಜಾಗಕ್ಕೆ ಮತ್ತೆ ಕಾಲಿಡಬೇಡ ಎಂಬ ನೆನಪನ್ನು ಗಟ್ಟಿ ಮಾಡುವುದು ಅದೇ, ಮದ್ದು ಚುಚ್ಚಿ ಅದನ್ನು ಸುಮ್ಮನಾಗಿಸಿದರೆ ಹೆದರಿಕೆ ಹೋಗುತ್ತದೆ ಎಂದು ಊಟದ ತಟ್ಟೆಯ ಮುಂದೆ ಕೂತು ಅವರಿಗೆ ವಿವರಿಸಿದವನು ನೀನು. "ಭಾವಾ, ಹನ್ನೆರಡಕ್ಕೆ ಹನ್ನೆರಡೂ ಇಲಿ ಮರೆತುಬಿಟ್ವು" ಎಂದೆ. ಆ ಮನುಷ್ಯ ಈಗಲೇ ಬಟ್ಟೆ ಮಡಚಿ ಚೀಲಕ್ಕೆ ತುಂಬಿಕೊಂಡಿದ್ದಾರೆ.

ಮರೆತವಂತೆ! ಏನನ್ನೋ ಮರೆಯುವುದು? ಬೆಳಕಿನ ಗೂಡಿನಿಂದ ಕತ್ತಲೆಯ ಗೂಡಿಗೆ ಕಾಲಿಟ್ಟರೆ ನೆಲದ ಸರಳಿನಿಂದ ಒಂದು ಶಾಕ್; ಮರುದಿನ ಇಲಿ ಆ ಕಡೆ ಮೂಗೂ ಹಾಕುವುದಿಲ್ಲ. ಹದಿನೆಂಟು ವರ್ಷದಿಂದ ಈ ಗೂಡುಗಳನ್ನು ತೊಳೆಯುತ್ತಿದ್ದೇನೆ. ಶಾಕ್ ಹೊಡೆದರೆ ಇಲಿ ಕಿರುಚಿ ಮೇಲಕ್ಕೆ ಹಾರುತ್ತದೆ. ಮದ್ದು ಕೊಟ್ಟ ಆ ಹನ್ನೆರಡರಲ್ಲಿ ಒಂದೂ ಕಿರುಚಲಿಲ್ಲ, ಆರಾಮಾಗಿ ಮೀಸೆ ಒರೆಸಿಕೊಂಡು ಕೂತಿದ್ದವು. ನೆಲದಲ್ಲಿ ಕರೆಂಟೇ ಇರಲಿಲ್ಲ ಕಣೋ! ನೋವೇ ಆಗದ ಮೇಲೆ ಮರುದಿನ ಕತ್ತಲೆಯ ಗೂಡಿಗೆ ಹೋಗದೆ ಇರುತ್ತವೆಯೇ? ಕಂಪ್ಯೂಟರ್ ಮಾತ್ರ ಶಾಕ್ ಕೊಟ್ಟಾಯಿತು ಎಂದು ಬರೆದುಕೊಂಡಿತು, ನೀನು ಅದನ್ನು ನೋಡಿ ಕುಣಿದೆ. ಒಂದು ದಿನ, ಒಂದೇ ಒಂದು ದಿನ, ಕುರ್ಚಿ ಹಾಕಿಕೊಂಡು ಗೂಡಿನ ಮುಂದೆ ಕೂತೆಯಾ? ಹೋದ ತಿಂಗಳು ಅವು ಕಿರುಚಲಿಲ್ಲ ಎಂದು ಹೇಳಬಂದರೆ, "ಅಕ್ಕಾ, ನೀನು ಇಲಿಗೆ ಕಾಳು ಹಾಕು, ಸಾಕು" ಅಂದೆ. ನಿನ್ನ ವಿದ್ಯಾರ್ಥಿನಿಯರು ಕಿಸಕ್ಕನೆ ನಕ್ಕರು. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು, ನೆನಪಿರಲಿ.

ಈ ಫಲಿತಾಂಶವನ್ನು ನಂಬಿ ನನ್ನ ಗಂಡನ ತಲೆಗೆ ಸೂಜಿ ಚುಚ್ಚಲು ನಾನು ಬಿಡುವುದಿಲ್ಲ. ಬೆಳಿಗ್ಗೆ ಅವರು ಹೊಸ ಬೂಟು ತರಿಸಿಕೊಂಡರು, ಕೆಲಸಕ್ಕೆ ಹೋಗಲು ಬೇಕಾಗುತ್ತದಂತೆ. ಅಳು ಬಂತು; ಆಮೇಲೆ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟು ಬೈದರೂ ನೀನು ನನ್ನ ತಮ್ಮನೇ, ಚೆನ್ನಾಗಿರು.

ಇತಿ,
ನಿನ್ನ ಅಕ್ಕ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಕರೆಂಟ್ ಇರಲಿಲ್ಲ ಎಂದು ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀನು ಕೇಳಿಯೇ ಕೇಳುತ್ತೀಯ. ಪ್ಲಗ್ ಕಿತ್ತವಳು ನಾನೇ. ಮದ್ದು ಬಿದ್ದ ಇಲಿಗಳು ಮಂಕಾಗಿ ಬಿದ್ದಿದ್ದವು, ತಲೆಯ ಹೊಲಿಗೆ ಇನ್ನೂ ಹಸಿ. ಮೇಲೆ ಶಾಕ್ ಬೇರೆಯಾ ಎಂದು ಕರುಳು ಚುರ್ ಎಂದಿತು. ಮದ್ದು ಕೊಡದೆ ಉಳಿದವುಗಳ ಸರದಿ ಬಂದಾಗ ಮತ್ತೆ ಸಿಕ್ಕಿಸಿದೆ. ಅವತ್ತು ಇದನ್ನೇ ಹೇಳಲು ಬಂದಿದ್ದೆ, ಆ ನಗು ಕೇಳಿ ಕಾಳಿನ ಡಬ್ಬ ಎತ್ತಿಕೊಂಡು ವಾಪಸು ಹೋದೆ. ಎಲ್ಲವನ್ನೂ ಬರೆದು, ಸಹಿ ಹಾಕಿ, ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಈಗಲೇ ಕಳಿಸುತ್ತಿದ್ದೇನೆ. ನನ್ನ ಕೆಲಸವೂ ಹೋಗುತ್ತದೆ, ನಿನ್ನ ಹೆಸರೂ ಹೋಗುತ್ತದೆ, ಹೋಗಲಿ. ಭಾವನಿಗೆ ಮಾತ್ರ ನೀನೇ ಬಂದು ಹೇಳು. ಅದು ನನ್ನಿಂದಾಗುವುದಿಲ್ಲ.