ಹಸಿರು ಸೀರೆ ಐದನೇ ಸಲ ಬಂದಾಗ

ಫ್ರಿಸ್ಕೋ, ಟೆಕ್ಸಸ್
೧೪ ಮೇ ೨೦೧೬, ಶನಿವಾರ

ಪ್ರೀತಿಯ ಅಕ್ಕ,

ಮೊದಲು ಕೂತುಕೋ. ಫೋನನ್ನು ಪಕ್ಕದ ಕೋಣೆಯಲ್ಲಿ ಇಟ್ಟು ಬಾ. ಇದನ್ನು ಫೋನಿನಲ್ಲಿ ಹೇಳಲು ಈ ತಿಂಗಳು ಮೂರು ಸಲ ಹೊರಟೆ. ಮೂರು ಸಲವೂ "ಏನಮ್ಮಾ, ಬಿಸಿನೆಸ್ಸು ಹೇಗಿದೆ?" ಅಂತ ನೀನು ಕೇಳಿದ ಕೂಡಲೇ ಇನ್ನೊಂದು ಸುಳ್ಳು ಸೇರಿಸಿ ಫೋನ್ ಇಟ್ಟುಬಿಟ್ಟೆ. ನಮ್ಮ ಬೀದಿಯ ಭಾಸ್ಕರ ನಾಡಿದ್ದು ಊರಿಗೆ ಹೊರಟಿದ್ದಾರೆ. ಗುರುವಾರದೊಳಗೆ ಮೈಸೂರಿಗೆ ಬಂದು ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಆಫೀಸಿನ ಜೊತೆ ಇದೂ ನಿನಗೆ ಕಷ್ಟ, ಹೆಚ್ಚಿನ ಸೀರೆಗಳನ್ನು ಬಂದುಹೋಗುವವರ ಕೈಲಿ ಕಳಿಸು, ತಿಂಗಳ ಕೊನೆಗೆ ಮೋಹನರಾಜರ ಬ್ಲೌಸ್ ಅಂಗಡಿಯ ಕೆಲಸ ಬಿಟ್ಟು ನಿನ್ನ ಆರ್ಡರುಗಳಿಗೇ ಕುಚ್ಚು ಹಾಕುತ್ತೇನೆ ಎಂದೆಯಲ್ಲ? ಬಿಡಬೇಡ, ಅಕ್ಕ. ನನಗೆ ಆರ್ಡರುಗಳೇ ಇಲ್ಲ.

ಹೇಳಿಬಿಟ್ಟೆ. ಇನ್ನು ಸಮಾಧಾನವಾಗಿ ಬರೆಯುತ್ತೇನೆ.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಈ ಸೆರಗಿನ ಕುಚ್ಚಿನ ಬಿಸಿನೆಸ್ಸು ಶುರು ಮಾಡಿದಾಗ ಎಲ್ಲವೂ ನಿಜವೇ ಆಗಿತ್ತು. ಪ್ರತಿ ಶನಿವಾರ ಒಂದು ಸೀರೆ ಮುಗಿಸಿ ಫೋಟೋ ಕಳಿಸಬೇಕು ಎಂದು ನೀನು ಹಾಕಿದ ಕಟ್ಟಳೆಯನ್ನು ದೀಪಾವಳಿಯವರೆಗೆ ಒಂದು ವಾರವೂ ತಪ್ಪಿಸಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತ ಅಮ್ಮ ಹೇಳುತ್ತಿದ್ದಳಲ್ಲ, ಹಾಗೆ. ಆಮೇಲೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಬಂತು, ನಿಹಾರಿಕಾಳ ಈಜು ಕ್ಲಾಸು ಬಂತು, ಹಬ್ಬಗಳು ಮುಗಿದವು. ಮನೆಯಿಂದ ಆಫೀಸಿಗೆ ನಲವತ್ತು ನಿಮಿಷ ಡ್ರೈವ್. ಆ ಹೊತ್ತಿನಲ್ಲಿ, ಕೈಗೆತ್ತಿಕೊಂಡ ಕೆಲಸದ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂಬ ಭಾಷಣಗಳನ್ನು ಹಾಕಿಕೊಂಡು ಕೇಳುತ್ತಿದ್ದೆ. ಫ್ರಿಜ್ ಮೇಲೆ ವೇಳಾಪಟ್ಟಿ ಅಂಟಿಸಿದೆ. ಕುಚ್ಚು ಹಾಕಿದ್ದಕ್ಕಿಂತ ಕುಚ್ಚು ಹಾಕುವ ಉತ್ಸಾಹದ ಬಗ್ಗೆ ಕೇಳಿದ್ದೇ ಹೆಚ್ಚಾಯಿತು. ಜನವರಿಯಲ್ಲಿ ದಾರದ ಡಬ್ಬಿ ಅಟ್ಟ ಸೇರಿತು.

ಹಾಗಾದರೆ ಜನವರಿಯಿಂದ ಬಂದ ಫೋಟೋಗಳು ಯಾವುವು ಎಂದು ಕೇಳುತ್ತೀಯ. ಎಲ್ಲವೂ ಒಂದೇ ಸೀರೆಯವು.

ಭಾಸ್ಕರನ ತಾಯಿ ಲಲಿತಮ್ಮ ಆಂಟಿ ನಮ್ಮಿಂದ ಐದು ಮನೆ ಆಚೆ ಮಗನ ಜೊತೆ ಇದ್ದಾರೆ. ಮಂಡ್ಯದ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿ ನಿವೃತ್ತರಾದವರು. ಜನವರಿಯಲ್ಲಿ ಒಂದು ಎಲೆಹಸಿರು ಮೈಸೂರು ಸಿಲ್ಕ್ ತಂದು ಕುಚ್ಚು ಹಾಕಿಸಿಕೊಂಡು ಹೋದರು. ಫೆಬ್ರವರಿಯಲ್ಲಿ ಅದೇ ಸೀರೆ ಮತ್ತೆ ಬಂತು. ಕುಚ್ಚು ಒಂದೂ ಇರಲಿಲ್ಲ. ಸೊಸೆಗೆ ಬಣ್ಣ ಹಿಡಿಸಲಿಲ್ಲ, ಬೇರೆ ಬಣ್ಣದ್ದು ಹಾಕು ಎಂದರು. ಮಾರ್ಚಿನಲ್ಲಿ ಕಾರಿನ ಬಾಗಿಲಿಗೆ ಸಿಕ್ಕಿತಂತೆ. ಏಪ್ರಿಲಿನಲ್ಲಿ ವಾಷಿಂಗ್ ಮೆಷಿನ್‌ಗೆ ಬಿತ್ತಂತೆ. ಬೇರೆ ಯಾರಿಗಾದರೂ ಆಗುವುದಿಲ್ಲ ಎಂದು ಹೇಳಬಲ್ಲೆ, ಮೇಷ್ಟರ ಗತ್ತಿನ ಆ ಮುಖಕ್ಕೆ ಹೇಳಲಾರೆ. ಪ್ರತಿ ಸಲವೂ ಅಟ್ಟದಿಂದ ಡಬ್ಬಿ ಇಳಿಸಿದೆ, ಹಾಕಿಕೊಟ್ಟೆ, ಮತ್ತೆ ಏರಿಸಿದೆ.

ನನಗೋ ಫೋಟೋ ಬೇಕಿತ್ತು. ಪ್ರತಿ ತಿಂಗಳೂ ಅದೇ ಸೆರಗನ್ನು ನಾಲ್ಕು ಮಗ್ಗುಲಿನಿಂದ ತೆಗೆದು ನಾಲ್ಕು ಶನಿವಾರಕ್ಕೆ ಹಂಚಿದೆ. ಗುಲಾಬಿ ಕುಚ್ಚಿನದು ಲಿಯಾಂಡರ್ ಊರಿನ ಒಂದು ಗೃಹಪ್ರವೇಶಕ್ಕೆ ಎಂದೆ, ಕೇಸರಿಯದು ಹೂಸ್ಟನ್‌ನ ಮದುವೆ ಹುಡುಗಿಯದು ಎಂದೆ. ಆ ಹುಡುಗಿಗೆ ನೀನು ಆಶೀರ್ವಾದ ಬೇರೆ ಕಳಿಸಿದೆ. ಅವಳು ಇಲ್ಲವೇ ಇಲ್ಲ, ಅಕ್ಕ. ಆ ಆಶೀರ್ವಾದ ಯಾರಿಗೆ ಸೇರಿತೋ. ಒಂದು ಫೋಟೋಗೆ ಮಾತ್ರ ನೀನು "ಸ್ವಲ್ಪ ಪೌಡರ್ ಉದುರಿಸಿ ಇಡು" ಎಂದಷ್ಟೇ ಬರೆದಿದ್ದೆ. ಇನ್ಯಾರಿಗೋ ಹೋಗಬೇಕಾದ ಮೆಸೇಜು ಎಂದುಕೊಂಡು ನಕ್ಕು ಸುಮ್ಮನಾದೆ.

ಮೇ ಮೊದಲ ವಾರ ಹಸಿರು ಸೀರೆ ಐದನೇ ಸಲ ಬಂದಾಗ ಮಾತ್ರ ನನ್ನ ತಲೆಗೆ ಹುಳ ಹೊಕ್ಕಿತು. ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಾಗಿಲಿಗೆ ಸಿಕ್ಕಿದ್ದರೆ ಹರಿದಿರಬೇಕು, ಮೆಷಿನ್‌ಗೆ ಬಿದ್ದಿದ್ದರೆ ದಾರ ಗೋಜಲಾಗಿರಬೇಕು. ಇಲ್ಲಿ ಹಾಗೇನೂ ಇಲ್ಲ. ಯಾರೋ ಕೂತು ಸೂಜಿಯ ತುದಿಯಲ್ಲಿ ಒಂದೊಂದೇ ಗಂಟು ಬಿಡಿಸಿದ್ದಾರೆ. ಸಾವಿರ ಗಂಟು ಬಿಡಿಸುವಷ್ಟು ತಾಳ್ಮೆ ಯಾರಿಗಿದೆ, ಯಾಕಿದೆ? ನನ್ನ ಕೆಲಸ ಸರಿಯಿಲ್ಲ ಎಂದು ಸೊಸೆ ಬಿಚ್ಚುತ್ತಿದ್ದಾಳೆಯೇ? ಆಂಟಿಗೆ ಮರೆವಿನ ಕಾಯಿಲೆಯೇ? ಗಂಡ ಮಹಾಶಯ ಉಲ್ಲಾಸ್ ಹತ್ತಿರ ಹೇಳಿದರೆ ಗೂಢಚಾರಿಣಿ ಎಂದು ಹೆಸರಿಟ್ಟರು. ನಿಹಾರಿಕಾ ಮಾತ್ರ, "ಅಮ್ಮಾ, ಜಸ್ಟ್ ಆಸ್ಕ್ ಹರ್" ಅಂದಳು. ಅಷ್ಟು ಸುಲಭವಾಗಿದ್ದರೆ ನಾವು ಕನ್ನಡದವರು ಯಾಕಾಗುತ್ತಿದ್ದೆವು!

ಕಳೆದ ಶನಿವಾರ ಬೆಳಿಗ್ಗೆ ಸೀರೆ ಮುಗಿಸಿ, ಹೇಳದೆ ಕೇಳದೆ ನಾನೇ ಕೊಡಲು ಹೋದೆ. ಬಾಗಿಲು ತೆಗೆದ ಆಂಟಿ ಕುತ್ತಿಗೆಯಲ್ಲಿ ಭೂತಕನ್ನಡಿ ತೂಗುಹಾಕಿಕೊಂಡಿದ್ದರು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಒಲೆಯ ಮುಂದಿನ ಕೈವಸ್ತ್ರಕ್ಕೆ ಕುಚ್ಚು. ದಿಂಬಿನ ಕವರಿಗೆ ಕುಚ್ಚು. ಭಾಸ್ಕರನ ಮಫ್ಲರಿಗೂ ಕುಚ್ಚು! ಊಟದ ಮೇಜಿನ ಮೇಲೆ ಲೆಕ್ಕದ ಚೌಕುಳಿ ನೋಟ್‌ಬುಕ್ಕು; ಅದರ ತುಂಬ ನನ್ನ ಗಂಟುಗಳ ಚಿತ್ರ, ಒಂದೊಂದು ತಿರುವಿಗೂ ಅಂಕಿ. ಮೊದಮೊದಲಿನ ಕುಚ್ಚುಗಳು ಒದ್ದೆ ಬೆಕ್ಕಿನ ಬಾಲದಂತಿದ್ದವು, ಕೊನೆಯವು ನನ್ನದಕ್ಕಿಂತ ಅಚ್ಚುಕಟ್ಟು.

ಆಂಟಿಯ ಮುಖ ಕೆಂಪಾಯಿತು. "ಕಲಿಸು ಅಂತ ಕೇಳಬಾರದಲ್ಲಮ್ಮಾ, ನಿನ್ನ ಅನ್ನದ ವಿದ್ಯೆ ಅದು. ಕೇಳಿದರೆ ನಿನಗೆ ಇಲ್ಲ ಅನ್ನೋಕಾಗಲ್ಲ, ಹೂಂ ಅಂದರೆ ನಿನಗೇ ನಷ್ಟ. ಅದಕ್ಕೇ ಹಾಕಿಸಿಕೊಂಡು ಬಂದು ಬಿಚ್ಚಿ ಬಿಚ್ಚಿ ನೋಡ್ತಿದ್ದೆ" ಎಂದರು. ಮೊಮ್ಮಗಳು ಸ್ಕೂಲ್ ಬಸ್ ಹತ್ತಿದ ಮೇಲೆ ದಿನಾ ಒಂದು ಗಂಟೆ, ಮನಸ್ಸಿರಲಿ ಬಿಡಲಿ, ಕೂರುತ್ತಾರಂತೆ. ಪಾಠದ ಗಂಟೆ ಬಾರಿಸಿದ ಮೇಲೆ ತರಗತಿಗೆ ಹೋಗಲೇಬೇಕಲ್ಲ ಎಂದು ನಕ್ಕರು. ಆಮೇಲೆ, ನೀನು ದಿನಕ್ಕೆ ಎಷ್ಟು ಹೊತ್ತು ಕೂರುತ್ತೀಯಮ್ಮಾ ಎಂದು ಸಹಜವಾಗಿ ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನನಗೆ ಅಳುವೇ ಬಂತು. ಜನವರಿಯಿಂದ ನಿಮ್ಮ ಸೀರೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿಲ್ಲ ಎಂದೆ. ನಿನಗೆ ಕಳಿಸಿದ ಫೋಟೋಗಳ ಕಥೆಯನ್ನೂ ಹೇಳಿದೆ. ಆಂಟಿ ಭೂತಕನ್ನಡಿಯನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. "ಅಂದರೆ ಇಷ್ಟು ದಿನ ನಿನ್ನ ಅಂಗಡಿ ನಡೆಸಿದ್ದು ನಾನೇ ಅನ್ನು" ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ, ನಿನ್ನ ಅಕ್ಕನಿಗೆ ಹೇಳದೆ ನನ್ನ ಮುಂದೆ ಸೂಜಿ ಹಿಡಿಯಬೇಡ ಎಂದು ಗದರಿದರು. ಕಾಗದ ಒಯ್ಯಲು ಮಗನನ್ನು ಒಪ್ಪಿಸಿದ್ದೂ ಅವರೇ.

ಈ ವಾರ ದಾರದ ಡಬ್ಬಿ ಊಟದ ಮೇಜಿನ ಮೇಲೇ ಇದೆ. ದಿನಾ ಕಾಲು ಗಂಟೆ ಕೂತೆ. ಎರಡು ದಿನ ಖುಷಿಯಾಯಿತು, ಮೂರು ದಿನ ಬೇಜಾರಾಯಿತು, ಆದರೂ ಏಳಲಿಲ್ಲ. ಇನ್ನು ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಂಟಿ ಬರುತ್ತಾರೆ. ಆರ್ಡರು ಬಂದರೆ ಆರ್ಡರು, ಇಲ್ಲದಿದ್ದರೆ ಕೈವಸ್ತ್ರ. ಇದು ಎಷ್ಟು ದಿನ ನಡೆಯುತ್ತದೆಂದು ನನಗೂ ಕುತೂಹಲ. ನಿಜವಾದ ಸೀರೆ ಬಂದಾಗ ಮಾತ್ರ ಫೋಟೋ ಕಳಿಸುತ್ತೇನೆ. ನಿನಗೆ ಮೋಸ ಮಾಡಿದ್ದಕ್ಕೆ ನಾಚಿಕೆಯಾಗುತ್ತಿದೆ, ಅಕ್ಕ. ಬೈಯಿ, ಆದರೆ ಅಂಗಡಿ ಬಿಡಬೇಡ.

ನಿನ್ನ ಆರಂಭಶೂರಿ ತಂಗಿ,
ಅನು

ಮರೆತ ಮಾತು: ಕಾಗದದ ಜೊತೆ ಆ ಫೋಟೋಗಳನ್ನೂ ಇಡೋಣವೆಂದು ಎಲ್ಲವನ್ನೂ ಪ್ರಿಂಟ್ ಮಾಡಿಸಿ ಈಗ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಗೃಹಪ್ರವೇಶದ ಸೀರೆಯಲ್ಲೂ, ಮದುವೆ ಹುಡುಗಿಯ ಸೀರೆಯಲ್ಲೂ, ಎಲ್ಲದರಲ್ಲೂ ಅಂಚಿನ ಪಕ್ಕ ಹೆಬ್ಬೆರಳಗಲದ ಅದೇ ಎಣ್ಣೆ ಕಲೆ. ಎಣ್ಣೆ ಕಲೆಗೆ ಪೌಡರ್ ಉದುರಿಸಿಡಬೇಕು ಎಂದು ನನಗೆ ಕಲಿಸಿದವಳು ನೀನೇ. ಆ ಮೆಸೇಜು ಬಂದ ತಾರೀಖು ನೋಡಿದೆ, ಫೆಬ್ರವರಿ. ಅಂದರೆ ನಿನಗೆ ಆಗಲೇ ಎಲ್ಲ ಗೊತ್ತಾಗಿತ್ತೇ? ಅಕ್ಕಾ, ನಿಜ ಹೇಳು, ನಾನು ಹೇಳಿದ್ದೇನಲ್ಲ. ಅಂಗಡಿ ಬಿಡುತ್ತೇನೆ ಎಂದು ನೀನು ಹೇಳಿದ್ದಾದರೂ ನಿಜವೇ, ಇಲ್ಲ ನನ್ನ ಬಾಯಿ ಬಿಡಿಸಲಿಕ್ಕೇ ಹೇಳಿದ್ದೇ?