ಎಡಕ್ಕೆ ಬಿಟ್ಟ ಟಾರ್ಪಿಡೊ

ಗುರುವಾರ, ೧೨ ಮಾರ್ಚ್

ಕ್ಯಾಪ್ಟನ್ ಸಾಹೇಬರಾದ ನನ್ನ ಮಗಳಿಗೆ,

ನಾನೂ ನಿನ್ನ ಅಮ್ಮನೂ ಗಟ್ಟಿಮುಟ್ಟಾಗಿದ್ದೇವೆ. ನೀನು ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯ ಎಂದು ಅಮ್ಮ ನಂಬಿದ್ದಾಳೆ, ನಾನು ನಂಬಿಲ್ಲ. ನೀನು ಮಾಡಿದ ಫೋನುಗಳನ್ನೆಲ್ಲ ಎತ್ತದೆ ಕೂತು, ಈಗ ಕಾಗದ ಬರೆಯುತ್ತಿದ್ದಾನಲ್ಲ, ಅಪ್ಪನಿಗೆ ಅರಳುಮರಳೇ ಎನ್ನಬೇಡ. ತಡವಾದದ್ದಕ್ಕೆ ಬೈಯಬೇಡ. ಬರೆದು ಬರೆದು ಹರಿದುಹಾಕಿದ್ದೇನೆ. ಕೂತರೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತದೆ. ಎದ್ದು ಕಿಟಕಿಯವರೆಗೆ ಹೋಗುತ್ತೇನೆ, ಎದುರು ಮನೆಯ ನಾಯಿಯನ್ನು ನೋಡುತ್ತೇನೆ, ವಾಪಸು ಬರುತ್ತೇನೆ. "ನೆಲ ಸವೆದುಹೋಗತ್ತೆ, ಒಂದ್ಕಡೆ ಕೂತ್ಕೊಳ್ರೀ" ಎಂದು ಅಮ್ಮ ಸೌಟು ತೋರಿಸಿ ಗದರಿದ ಮೇಲೆ ಈ ಹಾಳೆ ಹಿಡಿದಿದ್ದೇನೆ.

ಭಾನುವಾರದ ಆಟ ಮುಗಿದದ್ದೇ ನೀನು ಪರದೆಯ ಮೇಲೆ ಟೈಪ್ ಮಾಡಿದೆ: "ಅಪ್ಪಾ, ನಿಮಗೆ ಮನಸ್ಸಿಲ್ಲ ಅಂದ್ರೆ ಬಿಟ್ಬಿಡಿ. ಬರೋ ಪಂದ್ಯಕ್ಕೆ ಡೆಂಟಿಸ್ಟ್ ಕೂತ್ಕೊಳ್ತಾಳೆ." ನನ್ನ ಜಾಗಕ್ಕೆ ನಿನ್ನ ಪಕ್ಕದ ಕೋಣೆಯ ಹಲ್ಲಿನ ಡಾಕ್ಟರು! ಅಲ್ಲ ಮಗಳೇ, ಸಬ್‌ಮರೀನಿನಲ್ಲಿ ಯಾರ ಹಲ್ಲು ಕೀಳಬೇಕಾಗಿದೆ?

ಇರಲಿ, ಕೋಪ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡೆ, ಈಗ ಇಳಿದಿದೆ. ನಿನ್ನ ಕೋಪ ನ್ಯಾಯವಾದದ್ದೇ. ನೀನು ಅಲ್ಲಿ ಬಾಡಿಗೆ ಕೋಣೆಯ ಕಂಪ್ಯೂಟರಿನ ಮುಂದೆ, ನಾನು ಇಲ್ಲಿ ಊಟದ ಮೇಜಿನ ಕಂಪ್ಯೂಟರಿನ ಮುಂದೆ, ಭಾನುವಾರ ಸಂಜೆ ಮಾತ್ರ ಇಬ್ಬರೂ ಒಂದೇ ಸಬ್‌ಮರೀನಿನ ಹೊಟ್ಟೆಯೊಳಗೆ. ಪೆರಿಸ್ಕೋಪಿನಲ್ಲಿ ನಿನ್ನ ಕಣ್ಣು, ನೀರೊಳಗಿನ ಸದ್ದಿಗೆ ನನ್ನ ಕಿವಿ. ನಿಧಾನವಾಗಿ ಧಡ್ ಧಡ್ ಎಂದರೆ ಸರಕಿನ ಹಡಗು, ಚಟಪಟ ಎಂದರೆ ಬೇಟೆಗೆ ಬಂದ ಕಾವಲು ಹಡಗು. ಯಾವುದು ಯಾವ ದಿಕ್ಕಿನಲ್ಲಿದೆ ಎಂದು ನಾನು ಹೇಳಬೇಕು, ಅದು ಮುಂದೆ ಎಲ್ಲಿರುತ್ತದೆ ಎಂದು ನೀನು ಲೆಕ್ಕ ಹಾಕಿ ಅಲ್ಲಿಗೆ ಟಾರ್ಪಿಡೊ ಬಿಡಬೇಕು. "ಹಡಗು ಇರೋ ಕಡೆಗಲ್ಲ ಅಪ್ಪಾ, ಅದು ಹೋಗೋ ಕಡೆಗೆ ಹೊಡೀಬೇಕು" ಎಂದು ನನಗೆ ಪಾಠ ಹೇಳಿದವಳು ನೀನೇ. ಇಷ್ಟು ವರ್ಷ ನಾವು ಮುಳುಗಿಸಿದ ಎಣ್ಣೆ ಹಡಗುಗಳು ನಿಜವಾದವಾಗಿದ್ದರೆ ಸಮುದ್ರದಲ್ಲಿ ಮೀನಿಗೆ ಜಾಗ ಇರುತ್ತಿರಲಿಲ್ಲ.

ಭಾನುವಾರ ನಾನು "ಎಡಕ್ಕೆ, ಎಡಕ್ಕೆ!" ಎಂದು ಕೂಗಿದೆ. ನೀನು ನಂಬಿ ಇದ್ದಬದ್ದ ನಾಲ್ಕು ಟಾರ್ಪಿಡೊಗಳನ್ನೂ ಬೀಸಣಿಗೆ ಬಿಚ್ಚಿದ ಹಾಗೆ ಎಡಕ್ಕೆ ಬಿಟ್ಟೆ. ಎಡಗಡೆ ಬರೀ ನೀರು. ಬಲಗಡೆಯಿಂದ ಕಾವಲು ಹಡಗು ಬಂದು ನಮ್ಮ ತಲೆಯ ಮೇಲೆ ಬಾಂಬು ಸುರಿಯಿತು. ಅದಕ್ಕೆ ಹಿಂದಿನ ವಾರವೂ ಅದೇ ಕಥೆ. ಅಪ್ಪ ಅಲ್ಲಿ ಕೂತು ಟೀವಿ ನೋಡುತ್ತಿದ್ದಾರೆ ಎಂದು ನಿನಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಈಗ ನಿಜ ಹೇಳುತ್ತೇನೆ, ಎದೆ ಗಟ್ಟಿ ಮಾಡಿಕೊಂಡು ಓದು. ನನ್ನ ಕಿವಿ ಹೋಗಿದೆ. ತಗಡು ಕತ್ತರಿಸುವ ಯಂತ್ರದ ಪಕ್ಕ ದುಡಿದು ದುಡಿದು ಎಡಗಿವಿ ಮೊದಲೇ ಮಂದವಾಗಿತ್ತು, ಮಳೆಗಾಲದ ಹೊತ್ತಿಗೆ ಬಲಗಿವಿಯೂ ಅದರ ಹಾದಿ ಹಿಡಿಯಿತು. ಗಟ್ಟಿಯಾಗಿ ಕೂಗಿದರೆ ಗುಂಯ್ ಎನ್ನುತ್ತದೆ ಅಷ್ಟೆ, ಮಾತಾಗುವುದಿಲ್ಲ. ಕಿವಿಯ ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಗುಂಯ್ ಎನ್ನುವುದು ಇನ್ನೂ ದೊಡ್ಡದಾಗಿ ಗುಂಯ್ ಎನ್ನುತ್ತದೆ.

ಹಾಗಾದರೆ ಇಷ್ಟು ತಿಂಗಳು ಆಡಿದ್ದು ಹೇಗೆ ಎನ್ನುತ್ತೀಯ. ನಿನ್ನ ಅಮ್ಮ! "ಈ ಹಾಳು ಹಡಗಿನಾಟ" ಎಂದು ಮೂಗು ಮುರಿಯುತ್ತಿದ್ದವಳು ನನ್ನ ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ನೀನು ಹೇಳಿದ್ದನ್ನು ತುಟಿಯಲ್ಲಿ ಆಡಿ ತೋರಿಸುತ್ತಾಳೆ, ನಾನು ಓದಿಕೊಳ್ಳುತ್ತೇನೆ. ಹಡಗಿನ ಸದ್ದು ಯಾವ ಕಡೆಯಿಂದ ಬಂದರೆ ಆ ಕಡೆಯ ಭುಜಕ್ಕೆ ಒಂದೇಟು. ಸರಕಿನ ಹಡಗಾದರೆ ಮೆತ್ತಗೆ, ಕಾವಲು ಹಡಗಾದರೆ ಚಟಚಟನೆ. ಮೂವತ್ತೈದು ವರ್ಷದ ಸಂಸಾರದ ಸಿಟ್ಟನ್ನೆಲ್ಲ ಕಾವಲು ಹಡಗಿನ ಲೆಕ್ಕದಲ್ಲಿ ತೀರಿಸಿಕೊಂಡಿದ್ದಾಳೆ. ಆದರೆ ಎಂಥಾ ಕಿವಿ ಅಂತೀಯ! ಜನವರಿಯಲ್ಲಿ ಮಂಜಿನಲ್ಲಿ ಹೊಡೆದೆವಲ್ಲ, ನೀನು "ಭೇಷ್ ಅಪ್ಪಾ" ಎಂದೆಯಂತಲ್ಲ, ಆ ಭೇಷ್ ಅವಳಿಗೆ ಸೇರಬೇಕು.

ಎರಡು ವಾರದಿಂದ ಅವಳಿಗೆ ಮಂಡಿನೋವು. ಕಾಲು ಚಾಚಿ ಕೂರಲು ಅನುಕೂಲ ಎಂದು ಎದುರು ಕುರ್ಚಿಗೆ ಹೋದಳು. ಅಲ್ಲೇ ಎಡವಟ್ಟಾಯಿತು. ಸದ್ದು ಬಲಗಿವಿಯಲ್ಲಿ ಬಂದಾಗ ಅವಳು ಬಲಗೈ ಚಾಚಿ ಹೊಡೆದಳು. ಎದುರಿಗೆ ಕೂತವನಿಗೆ ಅದು ಎಡ ಭುಜಕ್ಕೆ ಬಿತ್ತು. ನಾನು ಎಡ ಎಂದೆ. ನೀನು ಎಡಕ್ಕೆ ಹೊಡೆದೆ. ಮೂರು ಜನ ಸೇರಿ ನೀರಿಗೆ ಟಾರ್ಪಿಡೊ ಹಾಕಿದೆವು. ಇದು ನಮಗೆ ಹೊಳೆದದ್ದು ಮಂಗಳವಾರ, ಅವಳು ಎದುರಿಗೆ ಕೂತು ತನ್ನ ಕೆನ್ನೆ ಮುಟ್ಟಿಕೊಂಡು ನನ್ನ ಕೆನ್ನೆಗೆ ಅಂಟಿದ ಅನ್ನದ ಅಗುಳು ತೋರಿಸಿದಾಗ. ನಾನು ಬೇರೆ ಕೆನ್ನೆ ಒರೆಸಿಕೊಂಡೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು, ಆಮೇಲೆ ನಗು ಬಿಟ್ಟು ಸುಮ್ಮನೆ ಅತ್ತಳು. "ಇನ್ನು ಮುಚ್ಚಿಡೋದು ಬೇಡ, ಅವಳಿಗೆ ಹೇಳ್ಬಿಡಿ" ಎಂದಳು. ಫೋನಿನಲ್ಲಿ ಹೇಳುವುದು ಹೇಗೆ? ನೀನು ಅತ್ತರೆ ನನಗೆ ಗೊತ್ತೂ ಆಗುವುದಿಲ್ಲ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ, ತಳ್ಳಿಹಾಕುವ ಮುಂಚೆ ಪೂರ್ತಿ ಕೇಳು. ಕಿವಿಯ ಜಾಗವನ್ನು ಡೆಂಟಿಸ್ಟಿಗೇ ಕೊಡು. ನನಗೆ ನಕ್ಷೆಯ ಮೇಜು ಕೊಡು. ನಾವು ಹಡಗುಗಳ ಹಿಂದೆ ಓಡುವುದು ಬೇಡ. ಅವು ಬರುವ ದಾರಿಗೆ ಮೊದಲೇ ಹೋಗಿ, ಅಡ್ಡಲಾಗಿ ನಿಂತು, ಮೋಟಾರು ಆರಿಸಿ ಕಾಯೋಣ. ನೀನು ಪೆರಿಸ್ಕೋಪನ್ನು ಒಂದೇ ಕಡೆಗೆ ನೆಟ್ಟಿರು, ಅದರ ನೋಟ ನನ್ನ ಪರದೆಯಲ್ಲೂ ಕಾಣುತ್ತದೆ. ಹಡಗಿನ ಮೂತಿ ನಡುಗೆರೆಗೆ ತಾಗಿದಾಗ ನಾನು ಗಡಿಯಾರ ಒತ್ತುತ್ತೇನೆ, ಬಾಲ ದಾಟಿದಾಗ ನಿಲ್ಲಿಸುತ್ತೇನೆ. ಹಡಗಿನ ಉದ್ದ ಆಟದ ಪುಸ್ತಕದಲ್ಲೇ ಇದೆ. ಉದ್ದವನ್ನು ಹೊತ್ತಿನಿಂದ ಭಾಗಿಸಿದರೆ ವೇಗ ಸಿಕ್ಕಿತು. ಎಷ್ಟು ಮುಂದಕ್ಕೆ ಹೊಡೆಯಬೇಕು ಎಂದು ನಾನು ಟೈಪ್ ಮಾಡುತ್ತೇನೆ. ಇದಕ್ಕೆ ಕಿವಿ ಬೇಡ. ಒಬ್ಬನೇ ಕೂತು ಅಭ್ಯಾಸ ಮಾಡಿದ್ದೇನೆ, ನಿನ್ನೆ ಎರಡು ಮುಳುಗಿಸಿದೆ. ಮೂರನೆಯದು ನನ್ನನ್ನು ಮುಳುಗಿಸಿತು, ಅದು ಬೇರೆ ಮಾತು.

ಪಂದ್ಯ ಗೆಲ್ಲಲೇಬೇಕು ಎಂಬ ಹಟ ನನಗಿಲ್ಲ. ನಿನ್ನ ದೋಣಿಯಲ್ಲಿ ನನಗೊಂದು ಮೂಲೆ ಬೇಕು. ಕರುಣೆಗೆ ಕೊಡಬೇಡ, ಲೆಕ್ಕ ತಪ್ಪಿದರೆ ಹಿಂದಿನ ಹಾಗೇ ಬೈದು ಟೈಪ್ ಮಾಡು. ಅಮ್ಮನನ್ನು ಮಾತ್ರ ಬೈಯಬೇಡ, ಅವಳು ಆವತ್ತಿನಿಂದ ಎಡಗೈ ಬಲಗೈ ನೋಡಿಕೊಂಡೇ ಓಡಾಡುತ್ತಿದ್ದಾಳೆ.

ಪ್ರಯೋಗಾಲಯದಲ್ಲಿ ಕೆಲಸ ಹಗುರಾಗಲಿ, ನಿದ್ದೆ ಚೆನ್ನಾಗಿ ಬರಲಿ, ನೀನು ಹೊಡೆದದ್ದೆಲ್ಲ ಗುರಿ ಮುಟ್ಟಲಿ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಯಾವಾಗಲೂ ಇದೆ.

ನಿನ್ನ ಪ್ರೀತಿಯ
ಅಪ್ಪ

ತಾಜಾಕಲಂ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಆಟ ಮುಗಿದ ಮೇಲೆ ಮೈಕ್ ಆರಿಸಲು ಮರೆತು, ನೀನು ಪಾತ್ರೆ ತೊಳೆಯುತ್ತ ಏನೋ ಗುನುಗುತ್ತೀಯ. ನಿನಗದು ಗೊತ್ತಿಲ್ಲ. ಕಿವಿ ಇದ್ದ ಕಾಲದಲ್ಲಿ ನಾನು ಆಟಕ್ಕಿಂತ ಅದಕ್ಕೇ ಕಾಯುತ್ತಿದ್ದೆ. ಈಗಲೂ ಅಮ್ಮ ಹೆಡ್‌ಫೋನ್ ತೆಗೆದು ಅಡುಗೆಮನೆಗೆ ಹೋದ ಮೇಲೆ ನಾನು ಕೂತೇ ಇರುತ್ತೇನೆ. ಪರದೆಯಲ್ಲಿ ನಿನ್ನ ಹೆಸರಿನ ಪಕ್ಕ ಒಂದು ಹಸಿರು ದೀಪ ಇದೆಯಲ್ಲ, ನಿನ್ನ ದನಿಗೆ ಅದು ಮಿನುಗುತ್ತದೆ. ಯಾವ ಹಾಡೋ ಏನೋ. ಆರುವ ತನಕ ನೋಡುತ್ತೇನೆ. ಹೋದ ಭಾನುವಾರ ನೀನು ಕೋಪದಲ್ಲಿ ತಕ್ಷಣ ಆರಿಸಿಬಿಟ್ಟೆ. ನನ್ನ ಜಾಗದಲ್ಲಿ ಯಾರನ್ನಾದರೂ ಕೂರಿಸಿಕೋ ಮಗಳೇ, ಮೈಕ್ ಮಾತ್ರ ಆರಿಸಬೇಡ.