ಅಜ್ಜಿಯ ಲಂಗದ ಹೆಜ್ಜೆ

ಒಸಾಕಾ, ಭಾನುವಾರ

ತಾಷ್ಕೆಂಟಿನ ನನ್ನ ಅಜ್ಜಿಗೆ,

ಕಾರ್ಡು ಚಿಕ್ಕದು, ನಿನ್ನನ್ನು ಬೈಯಬೇಕಾದದ್ದು ಬಹಳ. ಬೀಸಣಿಗೆ ಕುಣಿತದಲ್ಲಿ ಗಿರಕಿ ಹೊಡೆದು ನಿಂತು, ಎದೆಯ ಮೇಲೆ ಕಟ್ಟುವ ನಮ್ಮ ಲಂಗವನ್ನು ಎಡಗೈಯಿಂದ ಮೇಲೆಳೆದುಕೊಳ್ಳುವ ಹೆಜ್ಜೆ ಕಲಿಸಿದೆಯಲ್ಲ? ನಮ್ಮ ತಂಡದ ಅಭ್ಯಾಸ ನೋಡುತ್ತಿದ್ದ, ನಮ್ಮ ಹಿರಿಯರ ಹಾಗೇ ಕೊರಿಯಾ ಬಿಟ್ಟು ಬಂದ ಇಲ್ಲಿನ ಕೊರಿಯನ್ನರ ನಾಟ್ಯಶಾಲೆಯ ಯಾಂಗ್ ಟೀಚರ್ ಅಲ್ಲೇ ತಡೆದರು.

“ಏನಮ್ಮಾ ಇದು? ನಮ್ಮೋರು ಜಪಾನಿಗೆ ಬಂದು ಮೂರು ತಲೆಮಾರಾಯ್ತು, ಇಂಥ ಹೆಜ್ಜೆ ಎಲ್ಲೂ ಕಂಡಿಲ್ಲ.”

“ನಮ್ಮ ಹಿರಿಯರದು, ಬಹಳ ಹಳೇದು” ಎಂದೆ ನಾನು, ಬಿಗುಮಾನದಿಂದ.

ಹಿಂದೆ ನಿಂತಿದ್ದ ನಿನ್ನ ಗೆಳತಿ ಜೋಯಾ ಅತ್ತೆ ಕಿಸಕ್ಕನೆ ನಕ್ಕರು. “ಹಳೇದೇ ಕಣೇ! ನಾವು ಹುಡುಗೀರಾಗಿದ್ದಾಗ ಊರ ಕ್ಲಬ್ಬಿನ ಪರದೆ ಹರಿದು ಹೊಲಿದ ಲಂಗ, ಕಟ್ಟೋ ದಾರ ಸಡಿಲ. ಬಿದ್ದೋಗತ್ತೆ ಅಂತ ನಿಮ್ಮಜ್ಜಿ ಎಳ್ಕೊಂಡ್ಳು. ಹಿಂದಿದ್ದ ನಾವೆಲ್ಲ ಅದೂ ಹೆಜ್ಜೆ ಅಂದ್ಕೊಂಡು ಎಳ್ಕೊಂಡ್ವಿ. ಜನ ಚಪ್ಪಾಳೆ ಹೊಡೆದ್ರು, ಆಮೇಲೆ ಬಿಡೋಕಾಗತ್ತಾ?”

“ಹಂಗಾದ್ರೆ ಪ್ರದರ್ಶನದಿಂದ ಅದನ್ನ ತೆಗೆದುಬಿಡಿ” ಎಂದರು ಟೀಚರ್, ನಗು ನುಂಗಿಕೊಂಡು. ನಾನು ಹೂಂ ಅಂದೆ.

ನನ್ನ ಮಂಡಿ ನೋವಿಲ್ಲ, ನೀನು ಕೊಟ್ಟ ಮುಲಾಮು ಮಾತ್ರ ಮುಗಿಯಿತು. ನೀನು ಕಟ್ಟಿಕೊಟ್ಟ ಕ್ಯಾರೆಟ್ ಕಿಮ್ಚಿಯೂ ಅಷ್ಟೆ. ಇಲ್ಲಿಯವರಿಗೆ ಕಿಮ್ಚಿ ಎಂದರೆ ಎಲೆಕೋಸಿನ ಉಪ್ಪಿನಕಾಯಿ. “ಕ್ಯಾರೆಟ್ಟಾ?” ಎಂದು ಮೊದಲು ನಕ್ಕರು, ಆಮೇಲೆ ಡಬ್ಬಿ ಬಳಿದು ತಿಂದರು.

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಅಂದಹಾಗೆ, ನಿನ್ನೆಯ ಪ್ರದರ್ಶನದಲ್ಲಿ ಆ ಹೆಜ್ಜೆ ತೆಗೆಯಲಿಲ್ಲ. ತುಂಬಿದ ಸಭೆಯ ಎದುರು ನಾವೆಲ್ಲ ಒಟ್ಟಿಗೆ ನಿನ್ನ ಲಂಗ ಬೀಳದಂತೆ ಹಿಡಿದುಕೊಂಡೆವು.

ನಿನ್ನ ಇಂಗಾ